ಪಿಪಿಬಿ (ನೂರು ಕೋಟಿಗೆ ಒಂದು ಪಾಲು) ಲೆವೆಲ್‌ನ ಚಿನ್ನಾನ ಆವಿ ಮಾಡಿ ಅಳೆಯೋದು ಹೇಗೆ: ಲ್ಯಾಬಲ್ಲಿ ಕೈಯಾರೆ ಮಾಡೋರಿಗೆ

ಅಕ್ಕಸಾಲಿಗಳ ಬೀದಿಯಲ್ಲಿ ಬೆಳಗಿನ ಜಾವ ಚರಂಡಿ ಮಣ್ಣು ಗುಡಿಸಿ ತುಂಬ್ಕೊಂಡು ಹೋಗಿ ಜಾಲಿಸೋರನ್ನ ನೋಡಿದ್ದೀರಾ? ಅಂಗಡಿ ಒಳಗೆ ಎಷ್ಟೇ ಜೋಪಾನವಾಗಿ ಕೆಲ್ಸ ಮಾಡಿದ್ರೂ ಅರ ಉಜ್ಜಿದ ಪುಡಿ ಚಾಪೆ ಸಂದಿಗೆ, ಬಟ್ಟೆ ಮಡಿಕೆಗೆ, ಕೊನೆಗೆ ಚರಂಡಿಗೆ ಹೋಗಿ ಸೇರತ್ತೆ, ಅದು ಎಲ್ಲಿ ಸೇರತ್ತೆ ಅಂತ ಗೊತ್ತಿದ್ದೋರಿಗೆ ಅದು ಸಿಗತ್ತೆ. ನಾನು ಇಲ್ಲಿ ಹೇಳ್ತಿರೋ ವಿಧಾನನೂ ಹಾಗೇ, ಇದರಲ್ಲಿ ಕೆಮಿಸ್ಟ್ರಿ ಅರ್ಧ, ಚಿನ್ನ ಎಲ್ಲಿಗೆ ಹೋಯ್ತು ಅನ್ನೋ ಲೆಕ್ಕ ಇನ್ನರ್ಧ. ಆ ಲೆಕ್ಕ ಇಡದೆ ಬರೀ ಪೀಕ್ (ಮೆಷೀನ್ ತೋರಿಸೋ ಸಿಗ್ನಲ್ಲಿನ ಏರು) ನೋಡಿ ರಿಪೋರ್ಟ್ ಕೊಟ್ರೆ ಬಂದ ನಂಬರ್‌ಗೆ ಅರ್ಥ ಇರಲ್ಲ, ಇದನ್ನ ನಾನು ತಿಂಗಳುಗಟ್ಟಲೆ ತಪ್ಪು ನಂಬರ್ ತಗೊಂಡ ಮೇಲೆ ಕಲಿತದ್ದು.

ವಿಧಾನ ಏನು ಅಂದ್ರೆ, ಆಸಿಡ್‌ನಲ್ಲಿರೋ ಚಿನ್ನಕ್ಕೆ ಸೋಡಿಯಂ ಬೋರೋಹೈಡ್ರೈಡ್ ಸೇರಿಸ್ತೀವಿ, ಹೈಡ್ರೋಜನ್ ಬುಸ್ ಅಂತ ಬರತ್ತೆ, ಅದರ ಜೊತೆ ಚಿನ್ನದ ಒಂದು ಪಾಲು ಕೂಡ ಗ್ಯಾಸ್ ಕಡೆಗೆ ಹಾರತ್ತೆ, ಅದನ್ನ ಆರ್ಗಾನ್‌ನಲ್ಲಿ ತಳ್ಕೊಂಡು ಹೋಗಿ ಬಿಸಿ ಮಾಡಿ ಪರಮಾಣು ಮಾಡಿ (ಅದನ್ನ ಮಾಡೋ ಭಾಗವೇ ಅಟಮೈಸರ್) ಎಎಎಸ್‌ನಲ್ಲೋ (ಪರಮಾಣು ಎಷ್ಟು ಬೆಳಕು ಹೀರತ್ತೆ ಅಂತ ನೋಡೋದು) ಫ್ಲೋರೆಸೆನ್ಸ್‌ನಲ್ಲೋ (ಎಷ್ಟು ಬೆಳಕು ಮರಳಿ ಬಿಡತ್ತೆ ಅಂತ ನೋಡೋದು) ಐಸಿಪಿಯಲ್ಲೋ (ತುಂಬ ಬಿಸಿ ಪ್ಲಾಸ್ಮಾ ಬಳಸೋದು) ಅಳೀತೀವಿ. ಆರ್ಸೆನಿಕ್, ಸೆಲೆನಿಯಂಗೆ ಇದನ್ನ ದಶಕಗಳಿಂದ ಮಾಡ್ತಿದ್ದಾರೆ, ಚಿನ್ನ ಬೆಳ್ಳಿ ತಾಮ್ರಕ್ಕೂ ಆಗತ್ತೆ ಅಂತ ಜನ ಗಂಭೀರವಾಗಿ ಕೈ ಹಾಕಿದ್ದು 1990ರ ದಶಕದಿಂದ ಈಚೆಗೆ. ಆದ್ರೆ ಒಂದು ದೊಡ್ಡ ವ್ಯತ್ಯಾಸ ಇದೆ. ಆರ್ಸೆನಿಕ್‌ನಿಂದ ಬರೋ ಆರ್ಸೀನ್ ನಿಜವಾದ ಗ್ಯಾಸು, ಚಿನ್ನದ್ದು ಹಾಗಲ್ಲ. ಝೆಕ್ ಮತ್ತು ಟರ್ಕಿ ದೇಶದ ಸಂಶೋಧಕರು ಸೇರಿ 2011ರಲ್ಲಿ ಪ್ರಕಟಿಸಿದ ಕೆಲ್ಸದಲ್ಲಿ ರೇಡಿಯೋಆಕ್ಟಿವ್ ಚಿನ್ನ ಹಾಕಿ ಪ್ರತಿ ಪಾಲನ್ನೂ ಹಿಂಬಾಲಿಸಿ ನೋಡಿದ್ರು, ಗ್ಯಾಸ್ ಕಡೆಗೆ ಹೋಗಿದ್ದು ಹತ್ತಿರ ಹತ್ತಿರ ಹತ್ತನೇ ಒಂದು ಭಾಗ, ಮತ್ತೆ ಅದನ್ನ ಹಿಡಿದು ಎಲೆಕ್ಟ್ರಾನ್ ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಸುಮಾರು 10 ನ್ಯಾನೋಮೀಟರ್ ಗಾತ್ರದ ಚಿನ್ನದ ಕಣಗಳು. ಅಂದ್ರೆ ನಾವು ಆವಿ ಆವಿ ಅಂತ ಕರೀತಿರೋದು ಬಹುಪಾಲು ಹಾರಾಡೋ ನ್ಯಾನೋ ಧೂಳು. ಇದನ್ನ ಒಂದ್ಸಲ ಮನಸ್ಸಲ್ಲಿ ಕೂರಿಸ್ಕೊಂಡ್ರೆ ಮುಂದಿನ ಎಲ್ಲ ಹಂತಕ್ಕೂ ಕಾರಣ ತಾನಾಗೇ ಹೊಳೆಯತ್ತೆ, ಧೂಳು ಗೋಡೆಗೆ ಅಂಟತ್ತೆ, ಉದ್ದ ಪೈಪಲ್ಲಿ ಉಳಿಯತ್ತೆ, ಒಂದಕ್ಕೊಂದು ಅಂಟಿ ದಪ್ಪ ಆದ್ರೆ ಹಾರೋದೇ ಇಲ್ಲ.

ಮೊದ್ಲು ಇದು ನಿಮಗೆ ಬೇಕಾ ನೋಡಿ

ಹಟ್ಟಿ ಗಣಿ ಅದಿರಿನ ಥರ ಟನ್ನಿಗೆ ಗ್ರಾಂಗಳ ಲೆಕ್ಕದಲ್ಲಿ ಚಿನ್ನ ಇರೋ ಕಲ್ಲಿಗೆ ಇದು ಬೇಡ, ಫೈರ್ ಅಸ್ಸೇ (ಸೀಸದ ಜೊತೆ ಕುಲುಮೆಯಲ್ಲಿ ಕರಗಿಸಿ ಚಿನ್ನ ಬೇರ್ಪಡಿಸೋದು) ಮಾಡಿ ಫ್ಲೇಮ್ ಎಎಎಸ್‌ಗೆ ಕೊಡಿ, ಅಷ್ಟೇ ಸಾಕು. ಬೋರ್‌ವೆಲ್ ನೀರು, ಹಳ್ಳದ ಹೂಳು, ಗಿಡದ ಎಲೆ, ಅನ್ವೇಷಣೆಗೆ ಅಂತ ತಂದ ಮೇಲ್ಮಣ್ಣು, ಇಂಥದ್ರಲ್ಲಿ ಚಿನ್ನ ಕೆಲವೇ ಪಿಪಿಬಿ ಇರತ್ತೆ, ಭೂಮಿಯ ಹೊರಪದರದ ಸರಾಸರಿಯೇ ಒಂದರಿಂದ ನಾಲ್ಕು ಪಿಪಿಬಿ ಒಳಗೆ. ಅಲ್ಲಿ ಫ್ಲೇಮ್ ಕೈ ಎತ್ತತ್ತೆ. ಐಸಿಪಿ-ಎಂಎಸ್ (ಪರಮಾಣುಗಳನ್ನ ಅವುಗಳ ತೂಕದ ಮೇಲೆ ಬೇರೆ ಮಾಡಿ ಎಣಿಸೋ ಮೆಷೀನು) ಇದ್ರೆ ನೇರ ಅದರಲ್ಲೇ ಮಾಡಬಹುದು, ಆದ್ರೆ ಟ್ಯಾಂಟಲಂ ಜಾಸ್ತಿ ಇರೋ ಸ್ಯಾಂಪಲ್ ಆದ್ರೆ 181ರ ಟ್ಯಾಂಟಲಂ 16ರ ಆಕ್ಸಿಜನ್ ಜೊತೆ ಸೇರಿ 197ಕ್ಕೆ ಬಂದು ಕೂರತ್ತೆ, ಚಿನ್ನಕ್ಕೆ ಇರೋದು ಅದೊಂದೇ ಐಸೋಟೋಪು, ಬೇರೆ ಮಾಸ್‌ಗೆ ಹೋಗೋಣ ಅಂದ್ರೆ ದಾರಿ ಇಲ್ಲ. ಆವಿ ಮಾಡಿದ್ರೆ ಟ್ಯಾಂಟಲಂ, ಉಪ್ಪು, ಕಬ್ಬಿಣ ಎಲ್ಲ ದ್ರವದಲ್ಲೇ ಹಿಂದೆ ಉಳಿಯತ್ತೆ, ಈ ವಿಧಾನದ ನಿಜವಾದ ಲಾಭ ಇರೋದೇ ಇಲ್ಲಿ. ಇನ್ನು ಎಫಿಶಿಯನ್ಸಿ ಲೆಕ್ಕಕ್ಕೆ ಬಂದ್ರೆ ಮಾಮೂಲಿ ನೆಬ್ಯುಲೈಸರ್ (ದ್ರಾವಣನ ಮಂಜಿನಂಥ ಹನಿ ಮಾಡೋ ಭಾಗ) ಕೂಡ ಸ್ಯಾಂಪಲ್‌ನ ಒಂದು ಸಣ್ಣ ಪಾಲು, ಸಾಮಾನ್ಯವಾಗಿ ಶೇ. 10ರ ಒಳಗೆ ಮಾತ್ರ ಮುಂದೆ ಕಳಿಸತ್ತೆ, ಹಂಗಾಗಿ ಆ ಲೆಕ್ಕದಲ್ಲಿ ಇಲ್ಲಿ ಪವಾಡ ಏನೂ ಇಲ್ಲ.

ಸ್ಯಾಂಪಲ್: ಇಲ್ಲಿ ತಪ್ಪಿದ್ರೆ ಮುಂದೆ ಯಾವ ಮೆಷೀನೂ ಕಾಪಾಡಲ್ಲ

ಚಿನ್ನ ಕಲ್ಲಲ್ಲಿ ಸಮವಾಗಿ ಹರಡಿರಲ್ಲ, ಕಾಳು ಕಾಳಾಗಿ ಇರತ್ತೆ. ಲೆಕ್ಕ ಹಾಕಿ ನೋಡಿ, 0.1 ಮಿಲಿಮೀಟರ್ ಅಡ್ಡಳತೆಯ ಒಂದೇ ಒಂದು ಗುಂಡು ಕಾಳು, ಸಾಂದ್ರತೆ 19.3, ಅದರ ತೂಕ ಸುಮಾರು 10 ಮೈಕ್ರೋಗ್ರಾಂ. ನೀವು 10 ಗ್ರಾಂ ಪುಡಿ ತಗೊಂಡಾಗ ಅದು ಒಳಗೆ ಬಂತು ಅಂದ್ರೆ ರಿಸಲ್ಟು ಟನ್ನಿಗೆ 1 ಗ್ರಾಂ, ಬರಲಿಲ್ಲ ಅಂದ್ರೆ ಸೊನ್ನೆ. ಅದೇ ಕಾಳು 0.5 ಗ್ರಾಂ ಪುಡಿಯಲ್ಲಿ ಸಿಕ್ರೆ ಟನ್ನಿಗೆ 20 ಗ್ರಾಂ ಅಂತ ತೋರಿಸತ್ತೆ, ಯಾರೋ ಆ ನಂಬರ್ ನೋಡಿ ಹೊಲ ಅಗೆಯೋಕೆ ಹೊರಡ್ತಾರೆ! ಅದಕ್ಕೇ ಮಣ್ಣು ಕಲ್ಲಾದ್ರೆ 25 ಗ್ರಾಂಗೆ ಕಮ್ಮಿ ತಗೋಬೇಡಿ, 75 ಮೈಕ್ರಾನ್‌ಗೆ ಪುಡಿ ಮಾಡಿ, ಒಂದೇ ಸ್ಯಾಂಪಲ್‌ನಿಂದ ಕನಿಷ್ಠ ಮೂರು ತೂಕ ಬೇರೆ ಬೇರೆ ಕರಗಿಸಿ. ಕಪ್ಪತಗುಡ್ಡದ ಸುತ್ತಿನ ಹಳ್ಳಗಳಲ್ಲಿ ಹಿಂದಿನ ಕಾಲದ ಜಾಲಗಾರರು ಮರದ ತಟ್ಟೆಯಲ್ಲಿ ರಾಶಿ ಮರಳು ತೊಳೆದು ಕೊನೆಗೆ ನಾಲ್ಕು ಕಾಳು ನೋಡ್ತಿದ್ರು, ದೊಡ್ಡ ರಾಶಿಯಿಂದ ಶುರು ಮಾಡ್ಬೇಕು ಅನ್ನೋದು ಅವರಿಗೆ ಗೊತ್ತಿತ್ತು.

ಕರಗಿಸೋದಕ್ಕೆ ಮುಂಚೆ ಜೀವದ ಮಾತು

ಎರಡು ವಿಷ್ಯ ದಯವಿಟ್ಟು ಓದಿ. ಒಂದು, ಕೋಲಾರದ ಕೆಜಿಎಫ್‌ನ ಬಿಳಿ ಗುಡ್ಡಗಳ ಥರದ ಮಣ್ಣು ತಂದಿದ್ರೆ ಅದು ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಉಳಿದದ್ದು. ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿದೆ, ಹಳೇ ಗುಡ್ಡದಲ್ಲಿ ಸೈನೈಡ್ ಬಹಳಷ್ಟು ಹೋಗಿರಬಹುದು, ಆದ್ರೆ ಹೋಗಿರಬಹುದು ಅಂತ ನಂಬಿ ನೇರ ಆಸಿಡ್ ಸುರಿಬೇಡಿ, ಆಸಿಡ್ ತಾಗಿದ್ರೆ ಸೈನೈಡ್ ಜೀವ ತೆಗೆಯೋ ಗ್ಯಾಸ್ ಆಗತ್ತೆ. ಸೈನೈಡ್ ಟೆಸ್ಟ್ ಮಾಡಿ, ಇದ್ರೆ ಪಿಎಚ್ 11ರ ಹತ್ತಿರ ಇಟ್ಟು ಹೈಪೋಕ್ಲೋರೈಟ್ ಹಾಕಿ ನಾಶ ಮಾಡಿ, ಮತ್ತೆ ಟೆಸ್ಟ್ ಮಾಡಿ, ಆಮೇಲೆ ಮಾತ್ರ ಫ್ಯೂಮ್ ಹುಡ್ ಒಳಗೆ ಆಸಿಡ್. ಎರಡು, ಹಟ್ಟಿ ಕಡೆಯ ಅದಿರಲ್ಲಿ ಆರ್ಸೆನೋಪೈರೈಟ್ ಇರತ್ತೆ. ಬೋರೋಹೈಡ್ರೈಡ್ ಹಾಕಿದ ತಕ್ಷಣ ಅದರ ಆರ್ಸೆನಿಕ್ ಆರ್ಸೀನ್ ಆಗಿ ಬರತ್ತೆ, ಅದು ಬಣ್ಣ ಇಲ್ಲದ ಭಯಂಕರ ವಿಷ. ಅಟಮೈಸರ್ ಮೇಲೆ ಎಕ್ಸಾಸ್ಟ್ ಓಡ್ತಿಲ್ಲ ಅಂದ್ರೆ ಪಂಪ್ ಆನ್ ಮಾಡ್ಬೇಡಿ, ವೇಸ್ಟ್ ಬಾಟಲಿನೂ ಹುಡ್ ಒಳಗೇ ಇರ್ಲಿ ಯಾಕಂದ್ರೆ ಅದು ಆಮೇಲೂ ಹೈಡ್ರೋಜನ್ ಬಿಡ್ತಾನೇ ಇರತ್ತೆ, ಮುಚ್ಚಳ ಬಿಗಿ ಮಾಡೋ ಹಾಗಿಲ್ಲ.

ಅಕ್ವಾ ರೀಜಿಯಾ ಮತ್ತು ನೈಟ್ರಿಕ್ ಓಡಿಸೋ ಕೆಲ್ಸ

ಸಲ್ಫೈಡ್ ಅಥವಾ ಇದ್ದಿಲಿನಂಥ ಕಾರ್ಬನ್ ಇದ್ರೆ ಮೊದ್ಲು ಹುರೀಬೇಕು, ತಣ್ಣನೆ ಫರ್ನೇಸಲ್ಲಿ ಇಟ್ಟು ನಿಧಾನಕ್ಕೆ 600ರಿಂದ 650 ಡಿಗ್ರಿಗೆ ಏರಿಸಿ, ಆರ್ಸೆನಿಕ್ ಜಾಸ್ತಿ ಇದ್ರೆ 450ರ ಸುಮಾರಿಗೆ ಒಂದು ಗಂಟೆ ನಿಲ್ಲಿಸಿ ಮುಂದೆ ಹೋಗಿ, ಹೊಗೆ ಎಲ್ಲ ಹೊರಗೆ ಹೋಗೋ ವ್ಯವಸ್ಥೆ ಇರ್ಲಿ. ಆಮೇಲೆ ಮೂರು ಪಾಲು ಹೈಡ್ರೋಕ್ಲೋರಿಕ್, ಒಂದು ಪಾಲು ನೈಟ್ರಿಕ್, ಆಗಿಂದಾಗ್ಗೆ ಬೆರೆಸಿದ್ದು, ಬಾಟಲಿಯಲ್ಲಿ ತುಂಬಿ ಮುಚ್ಚಿಡೋದು ಬೇಡ, ಸಿಡಿಯತ್ತೆ. ಸ್ಫಟಿಕದ ಒಳಗೆ ಸಿಕ್ಕಾಕ್ಕೊಂಡಿರೋ ಚಿನ್ನ ಇದಕ್ಕೆ ಕರಗಲ್ಲ ಅನ್ನೋದು ನೆನಪಿರ್ಲಿ.

ಈಗ ಬರತ್ತೆ ತುಂಬ ಜನ ಅವಸರ ಮಾಡೋ ಜಾಗ. ಉಳಿದ ನೈಟ್ರಿಕ್ ಮತ್ತು ಅದರಿಂದ ಹುಟ್ಟೋ ನೈಟ್ರೋಜನ್ ಆಕ್ಸೈಡ್‌ಗಳು ಬೋರೋಹೈಡ್ರೈಡ್‌ನ ತಿಂದು ಹಾಕತ್ತೆ, ಸಿಗ್ನಲ್ ಬಿದ್ದು ಹೋಗತ್ತೆ. ಅದಕ್ಕೆ ಸ್ವಲ್ಪ ಉಪ್ಪು ಹಾಕಿ, ಹೈಡ್ರೋಕ್ಲೋರಿಕ್ ಸೇರಿಸಿ ಆವಿ ಮಾಡಿ, ಮತ್ತೆ ಸೇರಿಸಿ ಮತ್ತೆ ಆವಿ ಮಾಡಿ, ಎರಡು ಮೂರು ಸಲ, ಆದ್ರೆ ಪೂರ್ತಿ ಒಣಗಿಸ್ಬೇಡಿ, ಒದ್ದೆ ಉಪ್ಪಿನ ಥರ ಇದ್ದಾಗ್ಲೇ ನಿಲ್ಲಿಸಿ. ಒಣಗಿ ಕಾದ್ರೆ ಚಿನ್ನದ ಕ್ಲೋರೈಡ್ ಒಡೆದು ಲೋಹ ಆಗಿ ಬೀಕರ್ ತಳಕ್ಕೆ ಅಂಟತ್ತೆ, ಮತ್ತೆ ಅದು ಬರೀ ಹೈಡ್ರೋಕ್ಲೋರಿಕ್‌ಗೆ ಏಳೋದಿಲ್ಲ. ನಾನು ಒಂದು ಇಡೀ ಬ್ಯಾಚ್ ಹೀಗೆ ಹಾಳು ಮಾಡಿ, ರಿಕವರಿ ಯಾಕೆ ಅರ್ಧ ಬರ್ತಿದೆ ಅಂತ ಮೆಷೀನಿನ ಲ್ಯಾಂಪ್ ಬದಲಾಯಿಸಿ ನೋಡಿದ್ದೆ, ಕೊನೆಗೆ ಖಾಲಿ ಬೀಕರನ್ನೇ ಅಕ್ವಾ ರೀಜಿಯಾದಲ್ಲಿ ತೊಳೆದು ಓಡಿಸಿದಾಗ ಕಳೆದ ಚಿನ್ನ ಅಲ್ಲೇ ಸಿಕ್ತು.

ಪಿಪಿಬಿ ದ್ರಾವಣ ಇಟ್ಟು ಮಾರನೇ ದಿನ ಓಡಿಸೋದೂ ಬೇಡ, ಆಸಿಡ್ ಕಮ್ಮಿ ಇದ್ರೆ ಗಾಜಿಗೂ ಪ್ಲಾಸ್ಟಿಕ್‌ಗೂ ಚಿನ್ನ ಅಂಟತ್ತೆ. ಸ್ಟಾಕ್ ದ್ರಾವಣ ಶೇ. 5ರಿಂದ 10 ಹೈಡ್ರೋಕ್ಲೋರಿಕ್‌ನಲ್ಲಿ ಇರ್ಲಿ, ಪಿಪಿಬಿ ಸ್ಟ್ಯಾಂಡರ್ಡ್ ಮಾತ್ರ ಪ್ರತಿದಿನ ಹೊಸದು. ಬರೀ ನೈಟ್ರಿಕ್‌ನಲ್ಲಿ ಚಿನ್ನ ಇಡೋದಂತೂ ಬೇಡವೇ ಬೇಡ.

ತೂಕ ಎಷ್ಟು, ವಾಲ್ಯೂಮ್ ಎಷ್ಟು

0.5 ಗ್ರಾಂ ಕರಗಿಸಿ 50 ಮಿಲಿ ಮಾಡಿದ್ರೆ, ದ್ರಾವಣದಲ್ಲಿ 1 ಪಿಪಿಬಿ ಅಂದ್ರೆ ಕಲ್ಲಲ್ಲಿ 100 ಪಿಪಿಬಿ. 25 ಗ್ರಾಂ ಕರಗಿಸಿ 100 ಮಿಲಿ ಮಾಡಿದ್ರೆ ಅದೇ 1 ಪಿಪಿಬಿ ಕಲ್ಲಿನ 4 ಪಿಪಿಬಿಗೆ ಸಮ. ಎರಡನೇದು ಎಷ್ಟು ಚೆನ್ನ ಅನ್ಸತ್ತೆ, ಆದ್ರೆ ಆ 100 ಮಿಲಿಯಲ್ಲಿ ಕಬ್ಬಿಣ ತುಂಬಿ ತುಳುಕ್ತಿರತ್ತೆ, ನೇರ ಆವಿ ಹುಟ್ಟಿಸೋ ಜನರೇಟರ್‌ಗೆ ಹಾಕಿದ್ರೆ ಕೆಟ್ಟೋಯ್ತು ಅಂತಲೇ. ಅದಕ್ಕೆ ಮಧ್ಯ ಬೇರ್ಪಡಿಸೋ ಹಂತ ಬೇಕು. ನನ್ನ ಇಷ್ಟದ್ದು ಪಾಲಿಯುರಿಥೇನ್ ಫೋಮ್, ಅದೇ ಸ್ಪಂಜು, ಚಿಕ್ಕ ತುಂಡು ಹಾಕಿ ಕುಲುಕಿದ್ರೆ ಚಿನ್ನದ ಕ್ಲೋರೈಡ್ ಅದಕ್ಕೆ ಹೋಗಿ ಕೂರತ್ತೆ. ತುಂಬ ಕಡೆ ಅದನ್ನ ಥಯೋಯೂರಿಯಾದಲ್ಲಿ ಬಿಡಿಸ್ತಾರೆ, ಆವಿ ವಿಧಾನಕ್ಕೆ ಅದು ಸರಿ ಬರಲ್ಲ, ಥಯೋಯೂರಿಯಾ ಚಿನ್ನಾನ ಬಿಗಿಯಾಗಿ ಹಿಡ್ಕೊಂಡಿರತ್ತೆ, ಹಂಗಾಗಿ ಫೋಮನ್ನ ಪೋರ್ಸಲೇನ್ ಕ್ರೂಸಿಬಲಲ್ಲಿ ಸುಟ್ಟು ಬೂದಿಯನ್ನ ಎರಡು ಮಿಲಿ ಅಕ್ವಾ ರೀಜಿಯಾದಲ್ಲಿ ಕರಗಿಸಿ ಮತ್ತೆ ನೈಟ್ರಿಕ್ ಓಡಿಸಿ. ಎಂಐಬಿಕೆ ಅನ್ನೋ, ನೀರಲ್ಲಿ ಅಷ್ಟಾಗಿ ಬೆರೆಯದ ದ್ರಾವಕಕ್ಕೆ ಎಳೆಯೋದೂ ನಡೆಯತ್ತೆ, ಹೈಡ್ರೋಕ್ಲೋರಿಕ್‌ನಿಂದ ಚಿನ್ನ ಸಲೀಸಾಗಿ ಅದಕ್ಕೆ ಹೋಗತ್ತೆ, ಆದ್ರೆ ಕಬ್ಬಿಣನೂ ಸ್ವಲ್ಪ ಬರತ್ತೆ, ದುರ್ಬಲ ಆಸಿಡ್‌ನಲ್ಲಿ ತೊಳೀಬೇಕು.

ರೀಏಜೆಂಟು

ಬೋರೋಹೈಡ್ರೈಡ್ ಶೇ. 2ರ ಆಸುಪಾಸು, ಶೇ. 0.2 ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ, ಆವತ್ತಿನದು ಆವತ್ತೇ, ಫಿಲ್ಟರ್ ಮಾಡಿ ಐಸ್ ಮೇಲೆ. ಸ್ಯಾಂಪಲ್ ಕಡೆ ಆಸಿಡ್ 0.6ರಿಂದ 1 ಮೋಲಾರ್. ಇವು ಶುರು ಮಾಡೋಕೆ ಇರೋ ನಂಬರ್‌ಗಳು, ನಿಮ್ಮ ಸೆಟಪ್‌ನಲ್ಲಿ ಎರಡೂ ಕಡೆ ಸರಿಸಿ ನೋಡಿ. ಚಿನ್ನಕ್ಕೆ ಸಹಾಯ ಮಾಡೋ ಇನ್ನೆರಡು ಇದೆ. ಒಂದು ಡೈಈಥೈಲ್ ಡೈಥಯೋಕಾರ್ಬಮೇಟ್, ಡಿಡಿಟಿಸಿ ಅಂತೀವಿ, ಶೇ. 0.02ರ ಸುಮಾರು. ಇದು ಆಸಿಡ್‌ನಲ್ಲಿ ಬೇಗ ಒಡೆದು ಹೋಗತ್ತೆ, ಹಾಗಾಗಿ ಸ್ಯಾಂಪಲ್‌ಗೆ ಮೊದ್ಲೇ ಹಾಕಿಡ್ಬೇಡಿ, ಕ್ಷಾರ ಇರೋ ಬೋರೋಹೈಡ್ರೈಡ್ ಕಡೆ ಹಾಕಿ. ಇನ್ನೊಂದು ಟ್ರೈಟಾನ್ ಎಕ್ಸ್-100 ಥರದ ಸರ್ಫ್ಯಾಕ್ಟಂಟ್, ಹುಟ್ಟಿದ ಕಣಗಳು ಒಂದಕ್ಕೊಂದು ಅಂಟಿ ದಪ್ಪ ಆಗ್ದೇ ಇರೋ ಹಾಗೆ ನೋಡ್ಕೊಳ್ಳತ್ತೆ. ಇದನ್ನ ಹಾಕಿದ್ರೆ ನೊರೆ ಬಂದೇ ಬರತ್ತೆ, ಆದ್ದರಿಂದ ಒಂದು ಹನಿ ಆಂಟಿಫೋಮ್ ಕೂಡ ಬೇಕು. ಬೆಳ್ಳಿಯ ಮೇಲೆ ಪ್ರಾಗ್‌ನಲ್ಲಿ ನಡೆದ ಕೆಲ್ಸದಲ್ಲಿ ಸರ್ಫ್ಯಾಕ್ಟಂಟ್, ಆಂಟಿಫೋಮ್ ಎರಡೂ ಸೇರಿಸೋದು ನಿರ್ಣಾಯಕ ಅಂತ ಕಂಡಿತ್ತು, ಚಿನ್ನಕ್ಕೂ ಅದೇ ಮಾತು ಸಲ್ಲತ್ತೆ.

ಜನರೇಟರ್ ಕಟ್ಟೋದು

ಆರ್ಸೆನಿಕ್‌ಗೆ ಅಂತ ಕೊಂಡ ಹೈಡ್ರೈಡ್ ಕಿಟ್‌ನ ಹಾಗೇ ಬಳಸಿದ್ರೆ ಚಿನ್ನ ಕಾಣಿಸಲ್ಲ, ಅಥವಾ ಅವಮಾನ ಆಗೋಷ್ಟು ಸಣ್ಣ ಪೀಕ್ ಬರತ್ತೆ. ಅದರಲ್ಲಿ ಮಿಕ್ಸಿಂಗ್ ಆದ ಮೇಲೆ ಉದ್ದದ ರಿಯಾಕ್ಷನ್ ಕಾಯಿಲ್ ಇರತ್ತೆ, ಆರ್ಸೀನ್‌ಗೆ ಅದು ಒಳ್ಳೇದು, ಚಿನ್ನದ ಕಣಕ್ಕೆ ಆ ಕೆಲವು ಸೆಕೆಂಡು ಕೂಡ ಜಾಸ್ತಿ, ಅಷ್ಟರಲ್ಲಿ ಅವು ಸೇರ್ಕೊಂಡು ದ್ರವದಲ್ಲೇ ಕಪ್ಪು ಕೊಲಾಯ್ಡ್ (ದ್ರವದಲ್ಲಿ ತೇಲೋ ಅತಿ ಸಣ್ಣ ಕಣ) ಆಗಿ ಉಳಿಯತ್ತೆ. ಕಾಯಿಲ್ ಕಿತ್ತು ಹಾಕಿ, ಎರಡು ಸಣ್ಣ ಕ್ಯಾಪಿಲರಿಗಳನ್ನ ಒಂದರೊಳಗೊಂದು ತೂರಿಸಿ ಅಥವಾ ತುದಿ ತುದಿ ಸೇರಿಸಿ, ಎರಡು ದ್ರಾವಣನೂ ಗ್ಯಾಸ್ ಲಿಕ್ವಿಡ್ ಸೆಪರೇಟರ್ (ಗ್ಯಾಸ್ ಮತ್ತೆ ದ್ರವ ಬೇರೆ ಆಗೋ ಪುಟ್ಟ ಪಾತ್ರೆ) ಒಳಗೇ ಮುಖಾಮುಖಿ ಆಗೋ ಹಾಗೆ ಮಾಡಿ, ಅಲ್ಲೇ ಆರ್ಗಾನ್ ಊದಿ. ಸೆಪರೇಟರ್ ಚಿಕ್ಕದಿರ್ಲಿ, ಕೆಲವೇ ಮಿಲಿ. ಅಲ್ಲಿಂದ ಅಟಮೈಸರ್‌ಗೆ ಹೋಗೋ ಟೆಫ್ಲಾನ್ ಪೈಪ್ ಗೇಣುದ್ದಕ್ಕಿಂತ ಜಾಸ್ತಿ ಬೇಡ, ತಿರುವು ಬೇಡ, ಡ್ರೈಯರ್ ಟ್ಯೂಬ್ ಹಾಕೋದು ಬೇಡ, ಧೂಳು ಅಲ್ಲೇ ಸಿಕ್ಕಾಕ್ಕೊಳ್ಳತ್ತೆ.

ಹೊಸದಾಗಿ ತೊಳೆದ ಸೆಟಪ್ ಮೊದಲ ಹತ್ತಿಪ್ಪತ್ತು ಇಂಜೆಕ್ಷನ್‌ಗೆ ಏರ್ತಾ ಹೋಗೋ ಪೀಕ್ ಕೊಡತ್ತೆ, ಗೋಡೆಗಳು ಹದಕ್ಕೆ ಬರೋ ತನಕ. ಅದನ್ನ ಕ್ಯಾಲಿಬ್ರೇಶನ್ ಅಂದ್ಕೊಂಡು ಬರೆದಿಟ್ಕೋಬೇಡಿ. ಒಂದೇ ಸ್ಟ್ಯಾಂಡರ್ಡ್ ಸತತ ಐದು ಸಲ ಶೇ. 5ರ ಒಳಗೆ ಬಂದ ಮೇಲೆ ಕೆಲ್ಸ ಶುರು.

ಅಟಮೈಸರ್

ಕೈಗೆಟುಕೋದು ಟಿ ಆಕಾರದ ಕ್ವಾರ್ಟ್ಜ್ ಟ್ಯೂಬು, 900 ಡಿಗ್ರಿ ಆಸುಪಾಸು, 242.8 ನ್ಯಾನೋಮೀಟರ್ ಲೈನು, ಬ್ಯಾಕ್‌ಗ್ರೌಂಡ್ ಕರೆಕ್ಷನ್ ಆನ್ ಇರ್ಲಿ. ಫ್ಲೋರೆಸೆನ್ಸ್ ಇದ್ರೆ ಆರ್ಗಾನ್ ಹೈಡ್ರೋಜನ್ ಸಣ್ಣ ಜ್ವಾಲೆ. ಇನ್ನೂ ಕೆಳಗೆ ಹೋಗ್ಬೇಕು ಅಂದ್ರೆ ಗ್ರಾಫೈಟ್ ಫರ್ನೇಸ್, ಪೈಪಿನ ತುದಿನ ಬಿಸಿ ಇರೋ ಟ್ಯೂಬ್ ಒಳಗೆ ಇಳಿಸಿ ಒಂದೆರಡು ನಿಮಿಷ ಚಿನ್ನಾನ ಅಲ್ಲೇ ಕೂಡಿ ಹಾಕಿ, ಆಮೇಲೆ ಒಮ್ಮೆಲೇ 2200 ಡಿಗ್ರಿ ಮೇಲೆ ಹೊಡೆದ್ರೆ ಅಷ್ಟೂ ಒಟ್ಟಿಗೆ ಏಳತ್ತೆ. ಹಿಡಿಯೋ ತಾಪಮಾನ ನಿಮ್ಮ ಟ್ಯೂಬಿಗೆ ಎಷ್ಟು ಅಂತ ನೂರು ನೂರು ಡಿಗ್ರಿ ಏರಿಸಿ ನೀವೇ ಕಂಡ್ಕೊಳ್ಳಿ. ನನ್ನನ್ನ ಕೇಳಿದ್ರೆ ಇದೇ ಅತ್ಯುತ್ತಮ, ಹತ್ತನೇ ಒಂದು ಭಾಗ ಮಾತ್ರ ಬಂದ್ರೂ ಕಾದು ಕೂಡಿಸ್ಕೊಳ್ಳೋಕೆ ಅವಕಾಶ ಇದೆಯಲ್ಲ.

ಲೆಕ್ಕ: ಬಂದಿದ್ದು ನಿಜವಾಗ್ಲೂ ಆವಿನಾ?

ಈ ಟೆಸ್ಟ್ ಮಾಡದೆ ಒಂದು ನಂಬರೂ ಹೊರಗೆ ಕೊಡಬೇಡಿ. ಹೈಡ್ರೋಜನ್ ಬುಳುಬುಳು ಅಂತ ಬರುವಾಗ ದ್ರಾವಣದ ಸಣ್ಣ ಹನಿಗಳು ಕೂಡ ಹಾರ್ತವೆ, ಅವುಗಳ ಜೊತೆ ಚಿನ್ನ ಹೋಗಿ ಸಿಗ್ನಲ್ ಕೊಟ್ರೆ ಅದು ಆವಿ ಅಲ್ಲ, ಕೆಟ್ಟ ನೆಬ್ಯುಲೈಸರ್. ಐಸಿಪಿ-ಎಂಎಸ್ ಇದ್ರೆ ಸ್ಯಾಂಪಲ್‌ಗೆ ಸ್ವಲ್ಪ ಸೀಸಿಯಂ ಸೇರಿಸಿ, ಸೀಸಿಯಂ ಯಾವ ಕಾರಣಕ್ಕೂ ಆವಿ ಆಗಲ್ಲ, ಆದ್ದರಿಂದ ಆ ಕಡೆ ಸೀಸಿಯಂ ಎಷ್ಟು ಕಂಡಿತೋ ಅಷ್ಟು ಪಾಲು ಹನಿ ಹೋಗಿದೆ ಅಂತ. ಅದನ್ನ ಚಿನ್ನದಿಂದ ಕಳೀರಿ.

ಆಮೇಲೆ ಇಡೀ ಸೆಟಪ್‌ನ ಜಮಾ ಖರ್ಚು. ಉದಾಹರಣೆಗೆ 20 ಪಿಪಿಬಿ ದ್ರಾವಣ 1 ಮಿಲಿಯಂತೆ 20 ಸಲ ಇಂಜೆಕ್ಟ್ ಮಾಡಿದ್ರೆ ಒಳಗೆ ಹೋಗಿದ್ದು 400 ನ್ಯಾನೋಗ್ರಾಂ. ವೇಸ್ಟ್ ಪೂರ್ತಿ ಹಿಡಿದಿಟ್ಕೊಳ್ಳಿ, ಅಳೆಯೋ ಮುಂಚೆ ಅದಕ್ಕೆ ಹುಡ್ ಒಳಗೆ ಸ್ವಲ್ಪ ಸ್ವಲ್ಪವಾಗಿ ಅಕ್ವಾ ರೀಜಿಯಾ ಹಾಕಿ, ಯಾಕಂದ್ರೆ ಅದರಲ್ಲಿರೋದು ಕೊಲಾಯ್ಡ್, ಹಾಗೇ ಅಳೆದ್ರೆ ಕಮ್ಮಿ ತೋರಿಸತ್ತೆ. ಅದರಲ್ಲಿ 170 ಸಿಕ್ತು ಅನ್ಕೊಳ್ಳಿ. ಸೆಪರೇಟರ್ ಮತ್ತೆ ಪೈಪನ್ನ ಅಕ್ವಾ ರೀಜಿಯಾದಲ್ಲಿ ತೊಳೆದ ನೀರಲ್ಲಿ 180. ಉಳಿದದ್ದು 50, ಅಂದ್ರೆ ಅಟಮೈಸರ್ ತನಕ ಹೋಗಿದ್ದು ಶೇ. 12.5. ಇಲ್ಲಿ ಗಮನಿಸಿ, ವೇಸ್ಟ್ ಮಾತ್ರ ಅಳೆದು 400ರಲ್ಲಿ 170 ಕಳೆದು, ಆಹಾ ಶೇ. 57.5 ಆವಿ ಆಯ್ತು ಅಂತ ಬರೆಯೋರು ಇದ್ದಾರೆ, ನಾನೂ ಹಾಗೇ ಬರೆದಿದ್ದೆ. ದ್ರವದಿಂದ ಕಾಣೆ ಆದದ್ದೆಲ್ಲ ಗ್ಯಾಸ್ ಆಗಿಲ್ಲ, ಬಹುಪಾಲು ಗಾಜಿನ ಗೋಡೆ ಮೇಲೆ ಕೂತಿದೆ.

ತಡೆಯೊಡ್ಡೋ ಲೋಹಗಳು, ಕ್ಯಾಲಿಬ್ರೇಶನ್

ತಾಮ್ರ, ನಿಕ್ಕೆಲ್, ಬೆಳ್ಳಿ, ಪಲ್ಲಾಡಿಯಂ ಇವೆಲ್ಲ ಬೋರೋಹೈಡ್ರೈಡ್‌ಗೆ ತಾವೂ ಪುಡಿ ಲೋಹ ಆಗಿ ಬಿದ್ದು ಚಿನ್ನಾನ ಮೇಲೆಳೆದುಕೊಳ್ಳತ್ತೆ. ಆರ್ಸೆನಿಕ್, ಸೆಲೆನಿಯಂ ಅಟಮೈಸರ್ ತನಕ ಬಂದು ಅಲ್ಲಿ ಕಿರಿಕಿರಿ ಮಾಡತ್ತೆ. ಬೇರ್ಪಡಿಸಿದ ಮೇಲೂ ಸ್ಟ್ಯಾಂಡರ್ಡ್ ಅಡಿಷನ್ (ಸ್ಯಾಂಪಲ್‌ಗೇ ಗೊತ್ತಿರೋ ಅಳತೆಯ ಚಿನ್ನ ಸೇರಿಸಿ ಸಿಗ್ನಲ್ ಎಷ್ಟು ಏರತ್ತೆ ಅಂತ ನೋಡೋದು) ಬಿಡಬೇಡಿ, ಪ್ರತಿ ಥರದ ಸ್ಯಾಂಪಲ್‌ಗೂ ಮೂರು ಪಾಯಿಂಟು. ಸ್ಪೈಕ್‌ನ, ಅಂದ್ರೆ ಹೀಗೆ ಸೇರಿಸೋ ಚಿನ್ನಾನ, ಸ್ಯಾಂಪಲ್ ಕರಗಿಸೋಕೆ ಮುಂಚೆ ಹಾಕಿ, ಕೊನೆಗೆ ಹಾಕಿದ್ರೆ ಬೀಕರ್ ತಳದಲ್ಲಿ ಕಳೆದದ್ದು ಗೊತ್ತೇ ಆಗಲ್ಲ. ಸರ್ಟಿಫೈಡ್ ರೆಫರೆನ್ಸ್ ಮಣ್ಣು ಒಂದು ಬ್ಯಾಚ್‌ಗೆ ಒಂದು. ಡಿಟೆಕ್ಷನ್ ಲಿಮಿಟ್‌ಗೆ (ಅಳೆಯೋಕೆ ಆಗೋ ಅತಿ ಕಮ್ಮಿ ಮಟ್ಟ) ಸ್ಯಾಂಪಲ್ ಇಲ್ಲದ ಹತ್ತು ಬ್ಲಾಂಕು, ಅದೂ ಪೂರ್ತಿ ಪ್ರಕ್ರಿಯೆ ದಾಟಿ ಬಂದ ಬ್ಲಾಂಕು, ಮೂರು ಸಿಗ್ಮಾ, ಅಂದ್ರೆ ಅವುಗಳ ಸ್ಟ್ಯಾಂಡರ್ಡ್ ಡೀವಿಯೇಶನ್‌ನ ಮೂರು ಪಟ್ಟು. ಮತ್ತೆ ಕೆಲ್ಸ ಮಾಡುವಾಗ ಕೈಯಲ್ಲಿ ಉಂಗುರ ಇದ್ರೆ ತೆಗೆದಿಡಿ, ಇದು ಸಣ್ಣ ಮಾತಲ್ಲ, ಪಿಪಿಬಿ ಕೆಲ್ಸದಲ್ಲಿ ಉಂಗುರದ ಉಜ್ಜಿದ ಪುಡಿನೇ ಒಂದು ಗಣಿ.

ದಿನದ ಕೊನೆಗೆ

ಪಂಪ್ ನಿಲ್ಲಿಸೋಕೆ ಮುಂಚೆ ಬೋರೋಹೈಡ್ರೈಡ್ ಲೈನ್‌ಗೆ ಹತ್ತು ನಿಮಿಷ ನೀರು ಓಡಿಸಿ, ಆಮೇಲೆ ಹುಡ್ ಒಳಗೆ ಸೆಪರೇಟರ್, ಪೈಪು, ಕ್ಯಾಪಿಲರಿ ಎಲ್ಲಕ್ಕೂ ಶೇ. 10 ಅಕ್ವಾ ರೀಜಿಯಾ ತುಂಬಿ ಅರ್ಧ ಗಂಟೆ ಬಿಡಿ. ಆ ತೊಳೆದ ದ್ರಾವಣನ ಸಿಂಕ್‌ಗೆ ಸುರೀಬೇಡಿ, ಒಂದು ಬಾಟಲಿಗೆ ಹಿಡಿದು ತಾರೀಖು ಬರೆದು ಅದನ್ನೂ ಅಳೆದು ನೋಟ್‌ಬುಕ್‌ಗೆ ಏರಿಸಿ. ದಿನಾ ಸುಮಾರು ಒಂದೇ ನಂಬರ್ ಬರ್ಬೇಕು. ಒಂದಿನ ದಿಢೀರಂತ ಜಾಸ್ತಿ ಆಯ್ತು ಅಂದ್ರೆ ಆವತ್ತಿನ ಸ್ಯಾಂಪಲ್‌ಗಳ ರಿಸಲ್ಟ್ ಕಮ್ಮಿ ಬಂದಿರತ್ತೆ, ಕ್ಯಾಪಿಲರಿ ತುದಿ ಕಟ್ಟಿದೆಯಾ, ಸರ್ಫ್ಯಾಕ್ಟಂಟ್ ಹಾಕೋದು ಮರೆತಿದ್ದೀರಾ ನೋಡ್ಕೊಂಡು ಮಾರನೇ ದಿನ ಅವನ್ನ ಮತ್ತೆ ಓಡಿಸಿ.